ಎದುರಿನವರ ಕಣ್ಣು

ನನ್ನ ಬೈಕಿಗೆ ಈಗ ಹನ್ನೊಂದು ವರ್ಷ. ಎಂಜಿನ್ ಗಟ್ಟಿಯಾಗಿದೆ, ಹೆಡ್‌ಲೈಟ್ ಮಾತ್ರ ಕಾಮಾಲೆ ಬಂದ ಹಾಗೆ. ತಿಂಗಳಿಗೊಮ್ಮೆ ಶುಕ್ರವಾರ ಆಫೀಸ್ ಮುಗಿಸಿ ತಿಪಟೂರು ಕಡೆಯ ನಮ್ಮೂರಿಗೆ ಹೊರಟರೆ ನೆಲಮಂಗಲ ದಾಟೋ ಹೊತ್ತಿಗೇ ಒಂಬತ್ತು ಗಂಟೆ. ಹೈವೇಯಲ್ಲಿ ಹೇಗೋ ನಡೆಯುತ್ತೆ. ಅದನ್ನು ಬಿಟ್ಟ ಮೇಲೆ ಒಂಬತ್ತು ಕಿಲೋಮೀಟರ್ ಇದೆಯಲ್ಲ, ಎರಡೂ ಕಡೆ ತೆಂಗಿನ ತೋಟ, ಬೀದಿದೀಪ ಇಲ್ಲ, ಅಂಚಿನಲ್ಲಿ ಬಿಳಿ ಪಟ್ಟಿಯೂ ಇಲ್ಲ, ಅಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡೇ ಹೋಗಬೇಕು. ಒಂದ್ಸಲ ಕರೀ ಎಮ್ಮೆಯೊಂದು ತೀರಾ ಹತ್ತಿರ ಬರೋವರೆಗೂ ಕಾಣಲೇ ಇಲ್ಲ. ಆ ಸೋಮವಾರವೇ ಜೆ.ಸಿ. ರಸ್ತೆಗೆ ಹೋದೆ.

ಅಂಗಡಿಯವನು ಹತ್ತು ಥರದ ಪೆಟ್ಟಿಗೆ ಹರಡಿದ. ನನ್ನ ಬೈಕಿನಲ್ಲಿರೋದು ಎಚ್4 ಹ್ಯಾಲೊಜನ್, 60/55 ವ್ಯಾಟ್. ಡಿಮ್‌ನಲ್ಲಿ ಹೆಚ್ಚುಕಮ್ಮಿ 1000 ಲ್ಯೂಮೆನ್. ಪೆಟ್ಟಿಗೆಗಳ ಮೇಲೆ 20,000 ಲ್ಯೂಮೆನ್ ಅಂತ ಬರೆದಿತ್ತು. ಅದನ್ನು ನಂಬೋದಾದರೆ ನಾಲ್ಕು ಬಲ್ಬಿನಲ್ಲಿ ರಾತ್ರಿ ಕ್ರಿಕೆಟ್ ಆಡಿಸಬಹುದು. "ಸಾರ್, ಇದು ಹಾಕ್ಕೊಂಡ್ರೆ ರಾತ್ರಿ ಹಗಲಾಗುತ್ತೆ" ಅಂದ. ಹಾಕಿಸಿಕೊಂಡೆ. ಅವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಮುಂದಿನ ಶುಕ್ರವಾರ ಆ ಒಂಬತ್ತು ಕಿಲೋಮೀಟರ್‌ನಲ್ಲಿ ಒಂದೊಂದು ಗುಂಡಿಯೂ ಎಣಿಸೋ ಹಾಗೆ ಕಂಡಿತು. ಇಷ್ಟು ವರ್ಷ ಯಾಕೆ ಒದ್ದಾಡಿದೆ ಅನ್ನಿಸಿತು.

ಮನೆ ಅಂಗಳಕ್ಕೆ ಬೈಕ್ ತಿರುಗಿಸಿದಾಗ ಜಗಲಿ ಮೇಲೆ ಕೂತಿದ್ದ ಅಪ್ಪ ಮುಖಕ್ಕೆ ಕೈ ಅಡ್ಡ ಹಿಡಿದರು. "ಆರಿಸೋ ಮೊದ್ಲು" ಅಂದರು. ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ಬಂತು. ಅಪ್ಪನಿಗೆ ಅರವತ್ತೆಂಟು. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದರಲ್ಲಿ ಬೆಳೀತಾ ಇದೆ. ಸಂಜೆ ಹಾಲನ್ನು ಮೊಪೆಡ್‌ನಲ್ಲಿ ಡೇರಿಗೆ ಒಯ್ಯೋದು ಅವರ ಕೆಲಸ. ಮಾಗಿಯಲ್ಲಿ ವಾಪಸ್ ಬರೋ ಹೊತ್ತಿಗೆ ಕತ್ತಲು. ಎರಡು ತಿಂಗಳ ಹಿಂದೆ ಎದುರಿಂದ ಒಂದು ಬೈಕ್ ಬಂದು, ಇವರಿಗೆ ಏನೂ ಕಾಣದೆ, ಮೊಪೆಡ್ ಚರಂಡಿಗೆ ಇಳಿದಿತ್ತಂತೆ. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ, ಅದಕ್ಕೇ ನನಗೆ ಫೋನಿನಲ್ಲಿ ಹೇಳಿರಲಿಲ್ಲ. ಅಂದಿನಿಂದ ಸಂಜೆ ಹಾಲು ಪಕ್ಕದ ಮನೆ ಹುಡುಗನ ಕೈಲಿ ಹೋಗ್ತಿದೆ. "ಬೆಳ್ಳಗಿತ್ತು ಕಣೋ, ನಿನ್ನ ಗಾಡೀದೇ ಥರ" ಅಂದರು, ಸಾರು ಬಡಿಸಿಕೊಳ್ಳುತ್ತಾ. ಆರೋಪದ ದನಿ ಇರಲಿಲ್ಲ.

ಊಟ ಆದಮೇಲೆ ಬೈಕನ್ನು ರಸ್ತೆಗೆ ತಂದು ಸ್ಟ್ಯಾಂಡ್ ಹಾಕಿ, ಲೈಟ್ ಡಿಮ್‌ನಲ್ಲೇ ಬಿಟ್ಟು, ಐವತ್ತು ಹೆಜ್ಜೆ ನಡೆದೆ. ಮೊಪೆಡ್ ಮೇಲೆ ಕೂತವರ ಎತ್ತರಕ್ಕೆ ಬಗ್ಗಿ ತಿರುಗಿ ನೋಡಿದೆ. ಬೈಕ್ ಇಲ್ಲ, ರಸ್ತೆ ಇಲ್ಲ, ಒಂದು ಬಿಳೀ ತೂತು ಅಷ್ಟೇ. ಕಣ್ಣು ತಿರುಗಿಸಿದ ಮೇಲೂ ಕೆಲವು ಸೆಕೆಂಡ್ ಅದೇ ತೂತು ತೋಟದ ಮೇಲೆ ಓಡಾಡುತ್ತಿತ್ತು. ನನಗೆ ಮೂವತ್ತನಾಲ್ಕು ವಯಸ್ಸು. ವಯಸ್ಸಾದಷ್ಟೂ ಈ ಚೇತರಿಕೆ ನಿಧಾನ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ಅಂದರೆ ಐವತ್ತು ಮೀಟರ್. ಅಷ್ಟು ದೂರ ಎದುರಿನವರು ನನ್ನಿಂದಾಗಿ ಕುರುಡಾಗಿ ಓಡಿಸ್ತಾರೆ.

ಕಾರಣ ತೀರಾ ಸರಳ. ಎಚ್4 ಬಲ್ಬಿನೊಳಗೆ ಎರಡು ತಂತಿ ಇವೆ. ಡಿಮ್ ತಂತಿಯ ಕೆಳಗೆ ಚಮಚದಂಥ ಸಣ್ಣ ಲೋಹದ ತಡೆ ಇರುತ್ತೆ. ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಿದ್ದು ಮೇಲಕ್ಕೆ ಚಿಮ್ಮದಂತೆ ಅದು ನೋಡಿಕೊಳ್ಳುತ್ತೆ. ರಿಫ್ಲೆಕ್ಟರಿನ ಒಂದೊಂದು ಬಾಗೂ ಆ ತಂತಿ ಇರೋ ಜಾಗವನ್ನು ಲೆಕ್ಕ ಹಾಕಿ ಮಾಡಿದ್ದು. ಅಲ್ಲಿ ಬೇರೆ ಆಕಾರದ ಎಲ್‌ಇಡಿ ಚಿಪ್ಪುಗಳನ್ನು ತಂದು ಕೂರಿಸಿದರೆ, ಜಾಗ ಮಿಲಿಮೀಟರ್ ಲೆಕ್ಕದಲ್ಲಿ ತಪ್ಪಿದರೂ ಸಾಕು, ಬೆಳಕು ಸಿಕ್ಕಕಡೆ ಚೆಲ್ಲುತ್ತೆ. ಕಂಪನಿಯಿಂದಲೇ ಎಲ್‌ಇಡಿಗೆ ಅಂತ ವಿನ್ಯಾಸ ಮಾಡಿದ ಹೆಡ್‌ಲ್ಯಾಂಪಿನ ಕಥೆ ಬೇರೆ. ನಾನು ಹೇಳ್ತಿರೋದು ಹಳೇ ಮನೆಗೆ ತಂದು ಕೂರಿಸಿದ ಹೊಸ ಬಲ್ಬಿನ ಬಗ್ಗೆ.

ಆಫೀಸಿನಲ್ಲಿ ಇದನ್ನು ಹೇಳಿದಾಗ ಗೆಳೆಯನೊಬ್ಬ, "ಗುರು, ಮೊದಲು ನಾನು ಬದುಕಬೇಕು. ಎದುರಿನವನು ಬೇಕಿದ್ರೆ ಸ್ಲೋ ಮಾಡ್ಲಿ" ಅಂದ. ಇದನ್ನು ನಕ್ಕು ತಳ್ಳಿಹಾಕೋಕಾಗಲ್ಲ. ಬೀದಿದೀಪ ಹಾಕದವನು, ಗುಂಡಿ ಮುಚ್ಚದವನು ನಾನಲ್ಲ. ಎಮ್ಮೆಗೆ ಗುದ್ದಿ ಸತ್ತರೆ ಅಳೋದು ನನ್ನ ಮನೆಯವರೇ. ಹೆಲ್ಮೆಟ್ ಕೊಳ್ಳುವಾಗ ಯಾರನ್ನೂ ಕೇಳದ ನಾನು ಬಲ್ಬ್ ಕೊಳ್ಳುವಾಗ ಯಾಕೆ ಕೇಳಬೇಕು?

ಆದರೆ ಹೆಲ್ಮೆಟ್ ನನ್ನನ್ನು ಕಾಯೋದಕ್ಕೆ ಇನ್ನೊಬ್ಬರಿಂದ ಏನನ್ನೂ ಕಿತ್ತುಕೊಳ್ಳಲ್ಲ. ಈ ಬಲ್ಬು ನನ್ನ ಅಪಾಯದಲ್ಲಿ ಒಂದು ಪಾಲನ್ನು ಎತ್ತಿ ಎದುರಿನವರ ಮಡಿಲಿಗೆ ಹಾಕುತ್ತೆ. ಅದೂ ಸಾಮಾನ್ಯವಾಗಿ ನನಗಿಂತ ಚಿಕ್ಕ ಗಾಡಿಯಲ್ಲಿರೋರ, ನನಗಿಂತ ವಯಸ್ಸಾದ ಕಣ್ಣಿನವರ ಮಡಿಲಿಗೆ. ಸೈಲೆನ್ಸರ್ ಕಿತ್ತುಹಾಕಿದ ಹುಡುಗನಿಗೆ ಕನಿಷ್ಠ ತನ್ನ ಗದ್ದಲ ತನಗೇ ಕೇಳುತ್ತೆ. ನನ್ನ ಬೆಳಕು ಎದುರಿನ ಕಣ್ಣಿಗೆ ಹೇಗಿದೆ ಅಂತ ನನ್ನ ಸೀಟಿನಿಂದ ಯಾವತ್ತೂ ಗೊತ್ತಾಗಲ್ಲ. ಅಲ್ಲಿಂದ ಕಾಣೋದು ಸೊಗಸಾದ ರಸ್ತೆ. ಚರಂಡಿಗೆ ಇಳಿದ ಮೊಪೆಡ್ ನನ್ನ ಬೆನ್ನ ಹಿಂದಿನ ಕತ್ತಲಲ್ಲಿ ಇರುತ್ತೆ. ಅಪ್ಪನ ಎದುರು ಬಂದ ಆ ಬೈಕಿನವನಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ಅವನು ಕೆಟ್ಟವನೇ ಇರಬೇಕಿಲ್ಲ. ಅವನಿಗೂ ಒಂದು ಎಮ್ಮೆ ಅಡ್ಡ ಬಂದಿದ್ದಿರಬಹುದು.

"ಎಲ್ಲರೂ ಹಾಕಿಸಿದ್ದಾರಲ್ಲ" ಅನ್ನೋದು ಇನ್ನೊಂದು ಸಮರ್ಥನೆ. ನೀನು ಮಾಡೋದನ್ನು ಎಲ್ಲರೂ ಮಾಡಲಿ ಅಂತ ಬಯಸಬಲ್ಲೆಯಾ ಅಂತ ಕಾಂಟ್ ಕೇಳಿದ್ದ. ಆ ಪ್ರಶ್ನೆ ಇಷ್ಟು ನೇರವಾಗಿ ಕೂರೋ ಜಾಗ ನಾನು ಬೇರೆ ನೋಡಿಲ್ಲ: ಈ ಬಲ್ಬಿನ ಲಾಭ ಇರೋದೇ ಎದುರಿನವನು ಅದನ್ನು ಹಾಕಿಸದೇ ಇದ್ದಾಗ. ಇಬ್ಬರೂ ಹಾಕಿಸಿದರೆ ಇಬ್ಬರಿಗೂ ಕಾಣಲ್ಲ, ಆಗ ಇನ್ನೂ ದೊಡ್ಡದು ಬೇಕಾಗುತ್ತೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಹಗಲಲ್ಲೂ ಉರೀತಾನೇ ಇರಬೇಕು ಅನ್ನೋ ನಿಯಮ ಬಂತು. ನಾವು ಇನ್ನೊಬ್ಬರಿಗೆ ಕಾಣಲಿ ಅಂತ. ಹೆಡ್‌ಲೈಟ್ ಬರೀ ನನ್ನದಲ್ಲ ಅಂತ ಸರ್ಕಾರಕ್ಕೂ ಗೊತ್ತಿದೆ. 2024ರಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕೋ ಲೈಟುಗಳ ಮೇಲೆ ಕೇಸ್ ಹಾಕೋಕೂ ಹೊರಟರು. ನಮ್ಮೂರ ದಾರಿಯಲ್ಲಂತೂ ಪೊಲೀಸರನ್ನು ನಾನು ಕಂಡಿಲ್ಲ.

ಎಲ್‌ಇಡಿ ತೆಗೆಸಿದೆ. ದುಡ್ಡು ಹೋಯ್ತು, ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಮೆಕ್ಯಾನಿಕ್ ಅಣ್ಣ ಅದೇ ವ್ಯಾಟಿನ ಒಳ್ಳೇ ಹ್ಯಾಲೊಜನ್ ಹಾಕಿ, ರಿಲೇ ಇಟ್ಟು ಬ್ಯಾಟರಿಯಿಂದ ನೇರ ವೈರ್ ಎಳೆದ. ಹಳೇ ಸ್ವಿಚ್ಚು, ವೈರಿನಲ್ಲೇ ಅರ್ಧ ಜೀವ ಸೋರಿ ಹೋಗ್ತಿತ್ತಂತೆ. ಹಳದಿಯಾಗಿದ್ದ ಮುಂದಿನ ಕವರ್ ಉಜ್ಜಿಸಿದೆ. ಗೋಡೆಗೆ ಬೆಳಕು ಬಿಟ್ಟು ತಲೆ ಸ್ವಲ್ಪ ತಗ್ಗಿಸಿದೆವು. ಮೊದಲಿಗಿಂತ ಎಷ್ಟೋ ವಾಸಿ, ಆ ಎಲ್‌ಇಡಿಯಷ್ಟಂತೂ ಇಲ್ಲ. ಎದುರಿಂದ ಬರೋ ಬಿಳೀ ತೂತುಗಳು ಹಾಗೇ ಇವೆ. ಈಗ ನಾನು ಐವತ್ತರ ಬದಲು ಮೂವತ್ತರಲ್ಲಿ ಹೋಗ್ತೀನಿ, ಮನೆ ಮುಟ್ಟೋದು ಹನ್ನೆರಡಾಗುತ್ತೆ.

ಹೋದ ತಿಂಗಳು ಅಪ್ಪ ಅಂಗಳದಲ್ಲೇ ನಿಂತು ನೋಡಿದರು. ಕೈ ಅಡ್ಡ ಹಿಡಿಯಲಿಲ್ಲ.

"ಬದಲಾಯಿಸಿದ್ಯಾ? ನಿನಗೆ ದಾರಿ ಸರಿಯಾಗಿ ಕಾಣುತ್ತೇನೋ?"

"ಸ್ವಲ್ಪ ಕಮ್ಮಿ ಅಪ್ಪ."

"ಹಂಗಾದ್ರೆ ಶುಕ್ರವಾರ ರಾತ್ರಿ ಯಾಕ್ ಬರ್ತೀಯಾ? ಶನಿವಾರ ಬೆಳಕು ಹರಿದ ಮೇಲೆ ಹೊರಡು" ಅಂದು ಒಳಗೆ ಹೋದರು.