ಹಳೆಯ ತೀರ್ಪಿನ ಮರುವಿಚಾರಣೆ



ಎಂದೋ ಮುಗಿದುಹೋದ ವ್ಯಾಜ್ಯವೊಂದನ್ನು ಅನೇಕ ವರ್ಷಗಳ ನಂತರ ಮತ್ತೆ ಕೈಗೆತ್ತಿಕೊಳ್ಳುವುದು ಯೋಗ್ಯವೇ? ಗೆದ್ದವರು, ಸೋತವರು, ತೀರ್ಪಿತ್ತವರು ಎಲ್ಲರೂ ಕಾಲವಶರಾದ ಮೇಲೆ ನ್ಯಾಯ ದೊರೆಯಬೇಕಾದದ್ದು ಯಾರಿಗೆ? ಈ ಪ್ರಶ್ನೆ ನ್ಯಾಯಾಲಯಗಳಿಗಷ್ಟೇ ಸೀಮಿತವಲ್ಲ. ಹಿರಿಯರ ಕಾಲದ ಆಸ್ತಿ ಪಾಲು, ಒಡಹುಟ್ಟಿದವರ ನಡುವೆ ನಡೆದ ಪಕ್ಷಪಾತ ಮುಂತಾದ ರೂಪಗಳಲ್ಲಿ ಅದು ನಮ್ಮ ಮನೆಗಳಲ್ಲಿಯೂ ತಲೆಯೆತ್ತುತ್ತದೆ. ಆದರೆ ನಮ್ಮ ಸ್ವಂತ ನೋವು ಬೆರೆತಾಗ ವಿವೇಚನೆ ಮಸುಕಾಗುವುದುಂಟು. ಆದ್ದರಿಂದ ನಮಗೆ ಲಾಭವಾಗಲಿ ನಷ್ಟವಾಗಲಿ ಇಲ್ಲದ ಒಂದು ಕ್ಷೇತ್ರದಲ್ಲಿಟ್ಟು ಇದನ್ನು ಪರಿಶೀಲಿಸೋಣ. ಆ ಕ್ಷೇತ್ರ ಬಾಕ್ಸಿಂಗ್ ಕಣ.

ಓಟದ ಸ್ಪರ್ಧೆಯಲ್ಲಿ ಗಡಿಯಾರವೇ ಸಾಕ್ಷಿ. ಬಾಕ್ಸಿಂಗ್‌ನಲ್ಲಿ ಎದುರಾಳಿ ನೆಲಕ್ಕುರುಳಿ ಏಳದೆ ಹೋದರೆ ಸರಿ. ಇಲ್ಲವಾದಲ್ಲಿ ಫಲಿತಾಂಶವು ರೆಫರಿ ಮತ್ತು ತೀರ್ಪುಗಾರರ ಕಣ್ಣನ್ನು ಅವಲಂಬಿಸಿದೆ. ಆದ್ದರಿಂದಲೇ ಅಲ್ಲಿ ವಿವಾದಗಳು ಹೆಚ್ಚು. 175 ಪೌಂಡ್, ಅಂದರೆ ಸುಮಾರು 79 ಕಿಲೋ ತೂಕದವರೆಗಿನವರು ಸೆಣಸುವ ಲೈಟ್ ಹೆವಿವೇಯ್ಟ್ ವಿಭಾಗದ ವಿಶ್ವ ಪ್ರಶಸ್ತಿಯ ಇತಿಹಾಸದಲ್ಲಿ ಕೇವಲ ಹದಿಮೂರು ತಿಂಗಳೊಳಗೆ ನಡೆದ ಮೂರು ಪಂದ್ಯಗಳು ಇಂದಿಗೂ ವಿಚಾರಯೋಗ್ಯವಾಗಿವೆ.

1922ರ ಸೆಪ್ಟೆಂಬರ್ 24. ಪ್ಯಾರಿಸ್‌ನ ಬಫಲೊ ಕ್ರೀಡಾಂಗಣ. ಚಾಂಪಿಯನ್ ಜಾರ್ಜ್ ಕಾರ್ಪಾಂತಿಯೆ ಫ್ರಾನ್ಸಿನ ಕಣ್ಮಣಿ. ಎದುರಾಳಿ ಬ್ಯಾಟ್ಲಿಂಗ್ ಸಿಕಿ, ಆಗ ಫ್ರಾನ್ಸಿನ ಅಧೀನದಲ್ಲಿದ್ದ ಸೆನೆಗಲ್‌ನಲ್ಲಿ ಹುಟ್ಟಿದ ಕಪ್ಪುವರ್ಣದ ಯುವಕ. ಇಬ್ಬರೂ ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿ ಶೌರ್ಯಪದಕ ಪಡೆದವರು. ಆರನೆಯ ಸುತ್ತಿನಲ್ಲಿ ಸಿಕಿಯವರ ಹೊಡೆತಕ್ಕೆ ಕಾರ್ಪಾಂತಿಯೆ ಕೆಳಗುರುಳಿದರು. ಆದರೆ ರೆಫರಿ, ಸಿಕಿ ಕಾಲು ಅಡ್ಡಹಾಕಿ ಕೆಡವಿದರೆಂದು ಘೋಷಿಸಿ ಅವರನ್ನೇ ಅನರ್ಹಗೊಳಿಸಿದರು. ನೆರೆದ ಜನಸ್ತೋಮ ಇದನ್ನು ಸಹಿಸಲಿಲ್ಲ. ಪ್ರತಿಭಟನೆಯ ನಡುವೆ ತೀರ್ಪುಗಾರರು ಸಮಾಲೋಚಿಸಿ, ರೆಫರಿಯ ನಿರ್ಧಾರವನ್ನು ರದ್ದುಗೊಳಿಸಿ, ಸಿಕಿಯವರೇ ವಿಜೇತರೆಂದು ಸಾರಿದರು.

ಮುಂದಿನ ವರ್ಷ ಮಾರ್ಚ್ 17ರಂದು ಸಿಕಿ ತಮ್ಮ ಪ್ರಶಸ್ತಿಯನ್ನು ಪಣಕ್ಕಿಟ್ಟದ್ದು ಡಬ್ಲಿನ್ ನಗರದಲ್ಲಿ. ಅಂದು ಐರ್ಲೆಂಡಿನ ರಾಷ್ಟ್ರೀಯ ಹಬ್ಬವಾದ ಸಂತ ಪ್ಯಾಟ್ರಿಕ್ಕರ ದಿನ. ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಎದುರಾಳಿ ಐರಿಷ್ ಮೂಲದ ಮೈಕ್ ಮೆಕ್‌ಟೀಗ್. ಇಪ್ಪತ್ತು ಸುತ್ತುಗಳ ಬಳಿಕ ಅಂಕಗಳ ಆಧಾರದ ಮೇಲೆ ಮೆಕ್‌ಟೀಗ್ ಗೆದ್ದರು. ಅದೇ 1923ರ ಅಕ್ಟೋಬರ್ 4ರಂದು ಮೆಕ್‌ಟೀಗ್ ಅಮೆರಿಕದ ಜಾರ್ಜಿಯ ರಾಜ್ಯದ ಕೊಲಂಬಸ್‌ನಲ್ಲಿ, ಅದೇ ರಾಜ್ಯದ 18 ವರ್ಷದ ತರುಣ ಯಂಗ್ ಸ್ಟ್ರಿಬ್ಲಿಂಗ್ ಅವರನ್ನು ಎದುರಿಸಿದರು. ರೆಫರಿ ಹ್ಯಾರಿ ಅರ್ಟ್ಲ್ ಪಂದ್ಯ ಸಮವಾಯಿತೆಂದು ತೀರ್ಪಿತ್ತರು. ರೊಚ್ಚಿಗೆದ್ದ ಗುಂಪು ಅವರನ್ನು ಮುತ್ತಿತು. ಭಯಭೀತರಾದ ಅರ್ಟ್ಲ್ ಸ್ಟ್ರಿಬ್ಲಿಂಗ್ ಅವರ ಕೈಯನ್ನೆತ್ತಿದರು. ಕೆಲವು ಗಂಟೆಗಳ ನಂತರ, ಅಪಾಯದಿಂದ ಪಾರಾದ ಮೇಲೆ, ತಮ್ಮ ನಿಜವಾದ ತೀರ್ಪು ಸಮಬಲವೇ ಎಂದು ಲಿಖಿತವಾಗಿ ತಿಳಿಸಿದರು. ಪ್ರಶಸ್ತಿ ಮೆಕ್‌ಟೀಗ್ ಅವರಲ್ಲಿಯೇ ಉಳಿಯಿತು.

ಈಗ ಯೋಚಿಸಿ. ಪ್ಯಾರಿಸ್‌ನಲ್ಲಿ ಜನರ ಕೂಗಿಗೆ ತೀರ್ಪು ಬದಲಾಯಿತು. ಕೊಲಂಬಸ್‌ನಲ್ಲಿಯೂ ಹಾಗೆಯೇ ಬದಲಾಯಿತು. ಮೊದಲನೆಯದನ್ನು ನ್ಯಾಯವೆಂದು ಮೆಚ್ಚಿ ಎರಡನೆಯದನ್ನು ಅನ್ಯಾಯವೆಂದು ಖಂಡಿಸಲು ನಮಗಿರುವ ಆಧಾರವೇನು? ಕೂಗಿನ ಜೋರಂತೂ ಆಧಾರವಾಗಲಾರದು. ಪ್ಯಾರಿಸ್‌ನ ಜನ ತಮ್ಮ ನೆಚ್ಚಿನ ವೀರನಿಗೆ ವಿರುದ್ಧವಾಗಿ ಕೂಗಿದರು. ತಮ್ಮವನು ಸೋತದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಕಂಡದ್ದನ್ನು ಇಲ್ಲವೆನ್ನಲು ಅವರು ಒಪ್ಪಲಿಲ್ಲ. ಕೊಲಂಬಸ್‌ನ ಜನರಾದರೋ ತಮ್ಮವನಿಗಾಗಿಯೇ ಕೂಗಿದರು. ಸಾಕ್ಷಿ ನುಡಿಯುವವನಿಗೆ ತನ್ನ ಮಾತಿನಿಂದ ಲಾಭವಿದೆಯೋ ನಷ್ಟವಿದೆಯೋ ಎಂಬುದನ್ನು ತೂಗಿ ನೋಡುವುದು ಹಳೆಯ ತೀರ್ಪುಗಳ ಪರಿಶೀಲನೆಯಲ್ಲಿ ಮೊದಲ ಹೆಜ್ಜೆ.

ಇನ್ನು ಡಬ್ಲಿನ್ ಪಂದ್ಯ. ಸ್ಥಳ, ದಿನ, ಎದುರಾಳಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪಕ್ಷಪಾತದ ಸಂಶಯ ಬರುವುದು ಸಹಜ. ಆದರೆ ಸಂಶಯಕ್ಕೆ ಅವಕಾಶವಿದ್ದ ಮಾತ್ರಕ್ಕೆ ಅನ್ಯಾಯ ನಡೆಯಿತೆಂದು ಸಾಧಿಸಿದಂತಾಗುವುದಿಲ್ಲ. ತೀರ್ಪುಗಾರನು ಒಂದೇ ಬಾರಿ, ಒಂದೇ ಕೋನದಿಂದ, ಕ್ಷಣಾರ್ಧದಲ್ಲಿ ನೋಡಿ ನಿರ್ಧರಿಸಬೇಕಾಗುತ್ತದೆ. ನಾವು ಆರಾಮವಾಗಿ ಕುಳಿತು, ಮುಂದೇನಾಯಿತೆಂಬುದನ್ನೂ ತಿಳಿದುಕೊಂಡು ಅವನನ್ನು ಅಳೆಯುತ್ತೇವೆ. ಸೋತವನ ಮೇಲಿನ ಅನುಕಂಪದಿಂದ, ಬದುಕಿಲ್ಲದ ತೀರ್ಪುಗಾರನ ಹೆಸರಿಗೆ ಆಧಾರವಿಲ್ಲದೆ ಮಸಿ ಬಳಿದರೆ ಅದು ಮತ್ತೊಂದು ಅನ್ಯಾಯ. ಕೆಲವು ಪ್ರಕರಣಗಳನ್ನು ತೀರ್ಮಾನವಿಲ್ಲದೆ ಬಿಡುವುದೇ ಪ್ರಾಮಾಣಿಕತೆ.

ಆದರೆ ಅನ್ಯಾಯವಾಯಿತೆಂದು ತೋರಿದಾಗ, ಅದರಿಂದ ಲಾಭ ಪಡೆದವನು, ತಾನಾಗಿ ಯಾವ ತಪ್ಪನ್ನೂ ಮಾಡದಿದ್ದರೂ, ಏನು ಮಾಡಬೇಕು? ಇದು ಹೆಚ್ಚು ಕಠಿಣವಾದ ಪ್ರಶ್ನೆ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ ಇದೇ ಲೈಟ್ ಹೆವಿವೇಯ್ಟ್ ವಿಭಾಗದ ಸೆಮಿಫೈನಲ್‌ನಲ್ಲಿ ಅಮೆರಿಕದ ಇವಾಂಡರ್ ಹೋಲಿಫೀಲ್ಡ್ ನ್ಯೂಜಿಲೆಂಡಿನ ಕೆವಿನ್ ಬ್ಯಾರಿಯವರನ್ನು ಹೊಡೆದುರುಳಿಸಿದರು. ನಿಲ್ಲಿಸಲು ಆಜ್ಞೆಯಿತ್ತ ಮೇಲೆ ಹೊಡೆದರೆಂದು ಯುಗೊಸ್ಲಾವಿಯದ ರೆಫರಿ ಅವರನ್ನು ಅನರ್ಹಗೊಳಿಸಿದರು. ತಲೆಗೆ ಪೆಟ್ಟು ಬಿದ್ದು ಉರುಳಿದವರು ಕೆಲಕಾಲ ಕಣಕ್ಕಿಳಿಯಬಾರದೆಂಬ ನಿಯಮದಿಂದಾಗಿ ಬ್ಯಾರಿ ಫೈನಲ್ ಆಡಲಾಗಲಿಲ್ಲ. ಹೀಗೆ ಚಿನ್ನದ ಪದಕ ಫೈನಲ್ ಆಡದೆಯೇ ಯುಗೊಸ್ಲಾವಿಯದ ಆಂಟನ್ ಯೊಸಿಪೊವಿಚ್ ಅವರ ಪಾಲಾಯಿತು. ರೆಫರಿಯೂ ವಿಜೇತರೂ ಒಂದೇ ದೇಶದವರಾದದ್ದು ಮಾತಿಗೆ ಎಡೆಮಾಡಿತು. ಪದಕ ಪ್ರದಾನದ ವೇಳೆ ಯೊಸಿಪೊವಿಚ್, ಕಂಚಿನ ಪದಕದ ಸ್ಥಾನದಲ್ಲಿ ನಿಂತಿದ್ದ ಹೋಲಿಫೀಲ್ಡ್ ಅವರನ್ನು ಕೈಹಿಡಿದು ಅತ್ಯುನ್ನತ ಮೆಟ್ಟಿಲಿಗೆ ಏರಿಸಿಕೊಂಡರು. ತೀರ್ಪನ್ನು ಬದಲಿಸುವ ಅಧಿಕಾರ ಅವರಿಗಿರಲಿಲ್ಲ. ತಾವು ನಿಂತ ಮೆಟ್ಟಿಲನ್ನು ಹಂಚಿಕೊಳ್ಳುವ ಸ್ವಾತಂತ್ರ್ಯವಿತ್ತು.

ಇದಕ್ಕೆ ಹತ್ತಿರವಾದ ಇನ್ನೊಂದು ಘಟನೆ, ಬೇರೆ ತೂಕದ ವಿಭಾಗದ್ದು. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ, ಮುಂದೆ ಲೈಟ್ ಹೆವಿವೇಯ್ಟ್ ವಿಶ್ವ ಚಾಂಪಿಯನ್ ಆದ ಅಮೆರಿಕದ ರಾಯ್ ಜೋನ್ಸ್, ಆತಿಥೇಯ ಕೊರಿಯಾದ ಪಾರ್ಕ್ ಸಿ-ಹುನ್ ಅವರಿಗೆ 3-2ರ ತೀರ್ಪಿನಿಂದ ಸೋತರು. ಎಣಿಕೆಯ ಪ್ರಕಾರ ಜೋನ್ಸ್ ಅವರ 86 ಹೊಡೆತಗಳು ಗುರಿ ಮುಟ್ಟಿದ್ದರೆ ಪಾರ್ಕ್ ಅವರದು 32. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವಿಚಾರಣೆಯಲ್ಲಿ ಲಂಚಕ್ಕೆ ಪುರಾವೆ ಸಿಗಲಿಲ್ಲ, ಫಲಿತಾಂಶ ಬದಲಾಗಲಿಲ್ಲ. ಆದರೆ ಪಾರ್ಕ್ ಅವರು 2023ರಲ್ಲಿ ಅಮೆರಿಕಕ್ಕೆ ಹೋಗಿ ತಮ್ಮ ಚಿನ್ನದ ಪದಕವನ್ನು ಜೋನ್ಸ್ ಕೈಗೆ ಒಪ್ಪಿಸಿದ್ದು 2025ರಲ್ಲಿ ಜಗತ್ತಿಗೆ ತಿಳಿಯಿತು. ದಾಖಲೆಯಲ್ಲಿ ವಿಜೇತರ ಹೆಸರು ಇಂದಿಗೂ ಪಾರ್ಕ್ ಅವರದೇ. ಜೋನ್ಸ್ ಮೂವತ್ತೈದು ವರ್ಷ ಹೊತ್ತಿದ್ದ ನೋವಿಗೆ ಸಾಂತ್ವನ ದೊರೆತದ್ದು ಯಾವ ಸಮಿತಿಯಿಂದಲೂ ಅಲ್ಲ, ಅಂದಿನ ಎದುರಾಳಿಯಿಂದ.

ಓದುಗರೇ, ಹಳೆಯ ತೀರ್ಪುಗಳ ಮರುವಿಚಾರಣೆ ವ್ಯರ್ಥವಲ್ಲ. ಅದು ದಾಖಲೆಯನ್ನು ತಿದ್ದದಿದ್ದರೂ ಸತ್ಯಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುತ್ತದೆ. ನಮ್ಮ ಕುಟುಂಬಗಳಲ್ಲಿ ಇಂಥ ವಿಚಾರಣೆಯನ್ನು ಸಾಮಾನ್ಯವಾಗಿ ಆರಂಭಿಸುವವರು ಸೋತವರು. ಅವರ ಮಾತು ಬೇಗನೆ ಜಗಳವೆನಿಸಿಕೊಳ್ಳುತ್ತದೆ. ಅದೇ ಮಾತನ್ನು ಹೆಚ್ಚಿನ ಪಾಲು ಪಡೆದವರು, ಹೆಚ್ಚು ಓದಿಸಲ್ಪಟ್ಟವರು, ಹೆಚ್ಚು ಮುದ್ದು ಕಂಡವರು ಮೊದಲಾಗಿ ಆಡಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ. ತಪ್ಪು ಅವರದಾಗಿರದೇ ಇರಬಹುದು. ಆದರೂ "ನಿನಗೆ ಸಲ್ಲಬೇಕಾದದ್ದು ನನಗೆ ಬಂದಿತು" ಎಂದು ಒಪ್ಪಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಸಿಕಿ 1925ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬೀದಿಯಲ್ಲಿ ಗುಂಡೇಟಿಗೆ ಬಲಿಯಾದರು, ವಯಸ್ಸು ಇಪ್ಪತ್ತೆಂಟು. 1993ರಲ್ಲಿ ಅವರ ಅವಶೇಷಗಳನ್ನು ಗೌರವದಿಂದ ಸೆನೆಗಲ್‌ಗೆ ಕೊಂಡೊಯ್ಯಲಾಯಿತು. ಅದನ್ನು ಕಾಣಲು ಅವರಿರಲಿಲ್ಲ. ನಾವು ಆಡಬೇಕಾದ ಇಂಥ ಮಾತೊಂದು ಬಾಕಿಯಿದ್ದರೆ, ಕೇಳಬೇಕಾದವರು ಬದುಕಿರುವಾಗಲೇ ಆಡೋಣ.