ಹೋಗುತ್ತೇನೆ ಎಂದವರಿಗೆ ಮಾತ್ರ

ಮೊಬೈಲ್ ಕಂಪನಿಗೆ ನಮ್ಮ ಮೇಲೆ ಎಷ್ಟು ಅಕ್ಕರೆಯಿದೆ ಎಂದು ತಿಳಿಯಲು ಒಂದು ಎಸ್ಸೆಮ್ಮೆಸ್ ಸಾಕು. ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ನಮ್ಮ ನಂಬರ್ ಹಾಕಿ 1900ಕ್ಕೆ ಕಳಿಸಬೇಕು. ಅಲ್ಲಿಯವರೆಗೆ ನಾವಾಗಿ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಅಲೆಸಿ, ಸಂಗೀತ ಕೇಳಿಸಿ ಕೂರಿಸುತ್ತಿದ್ದವರು ಈಗ ತಾವೇ ಫೋನ್ ಮಾಡುತ್ತಾರೆ. “ಏನ್ ಸರ್ ತೊಂದರೆ ಆಯ್ತು? ಯಾಕೆ ಬಿಟ್ಟು ಹೋಗ್ತಾ ಇದೀರಾ?” ಎರಡು ಮಾತಾದ ಮೇಲೆ ಒಂದು ದರ ಹೊರಬೀಳುತ್ತದೆ. ಅದು ಅಂಗಡಿಯ ಬೋರ್ಡಿನಲ್ಲಿ ಇರುವುದಿಲ್ಲ, ಆಪ್‌ನಲ್ಲೂ ಕಾಣುವುದಿಲ್ಲ. “ಇದು ನಿಮಗೆ ಮಾತ್ರ ಸರ್.”

ನಿನ್ನೆಯೂ ಅದೇ ಟವರ್, ಅದೇ ಸಿಮ್, ಅದೇ ಗಿರಾಕಿ. ನಿನ್ನೆ ಕೊಡಲಾಗದ್ದನ್ನು ಇವತ್ತು ಕೊಡಲು ಸಾಧ್ಯವಾಯಿತೆಂದರೆ ನಡುವೆ ಬದಲಾದದ್ದೇನು? ಹೋಗುತ್ತೇನೆ ಎಂಬ ಒಂದು ಮಾತು. ವರ್ಷಗಟ್ಟಲೆ ತಪ್ಪದೆ ಬಿಲ್ ಕಟ್ಟುತ್ತ ಉಳಿದುಕೊಂಡದ್ದಕ್ಕೆ ಸಿಗದ ಬೆಲೆ ಹೊರಡುವ ಸನ್ನೆಗೆ ಸಿಕ್ಕಿತು. ವ್ಯಾಪಾರವೆಂದ ಮೇಲೆ ಇವೆಲ್ಲ ಇದ್ದದ್ದೇ ಎಂದು ಕೈತೊಳೆದುಕೊಳ್ಳಬಹುದು. ನನಗೇಕೋ ಅಷ್ಟು ಸುಲಭವಾಗಿ ಬಿಡಲಾಗುವುದಿಲ್ಲ. ಇರುವುದು ನಷ್ಟ, ಹೊರಡುವ ಬೆದರಿಕೆ ಲಾಭ ಎಂಬುದನ್ನು ಕೋಟ್ಯಂತರ ಜನರಿಗೆ ಪ್ರತಿ ತಿಂಗಳೂ ಕಲಿಸುವ ಏರ್ಪಾಡು ಬರೀ ವ್ಯಾಪಾರವಾಗಿ ಉಳಿದೀತೇ?

ಚೌಕಾಸಿ ನಮಗೆ ಹೊಸದಲ್ಲ. ಸಂತೆಯಲ್ಲಿ ಸೊಪ್ಪಿನವಳ ಮುಂದೆ ಕೂತು “ಹತ್ತಕ್ಕೆ ಮೂರು ಕಟ್ಟು ಕೊಡಮ್ಮ” ಎಂದರೆ, “ಅಸಲೇ ಗಿಟ್ಟಲ್ಲಕ್ಕ, ಬೋಣಿ ಟೈಮಲ್ಲಿ ಹಂಗೆಲ್ಲ ಕೇಳಬ್ಯಾಡ್ರಿ” ಎನ್ನುತ್ತಾಳೆ. ಎದ್ದು ಹತ್ತು ಹೆಜ್ಜೆ ನಡೆದರೆ ಹಿಂದಿನಿಂದ ಕರೆಯುತ್ತಾಳೆ, ಕೆಲವೊಮ್ಮೆ ಕರೆಯುವುದಿಲ್ಲ. ಕರೆಯದೆ ಇರುವ ಆ ಹಕ್ಕು ಅವಳದು. ಅಲ್ಲೂ ಹೊರಡುವ ಆಟವಿದೆ, ನಿಜ. ಆದರೆ ಇಬ್ಬರಿಗೂ ಅದು ಆಟವೆಂದು ಗೊತ್ತು. ಸೊಪ್ಪು ಕಣ್ಣೆದುರಿಗಿದೆ, ಸಂಜೆಯಾದರೆ ಬಾಡುತ್ತದೆ, ಅವಳಿಗೊಂದು ಅಸಲು ಇದೆ, ಆ ಅಸಲಿನ ಕೆಳಗೆ ಅವಳು ಇಳಿಯುವುದಿಲ್ಲ. ಕೊನೆಗೆ ಒಂದು ಕಟ್ಟು ಕೊಸರು ಹಾಕಿದರೆ ಅದು ಅವಳ ಕೈಯಿಂದ, ಅವಳ ಮನಸ್ಸಿನಿಂದ ಬಂದದ್ದು.

ಕಸ್ಟಮರ್ ಕೇರಿನ ಹುಡುಗಿಗೆ ಇವು ಯಾವುವೂ ಇಲ್ಲ. ಅವಳು ಕೊಡುವ ದರ ಅವಳದಲ್ಲ. ಎದುರಿನ ಸ್ಕ್ರೀನು ಎಷ್ಟರವರೆಗೆ ಬಿಡಬಹುದೆಂದು ಹೇಳುತ್ತದೆ; ನಾವು ಗದರಿದರೂ, ಗೋಗರೆದರೂ, ಅವಳಿಗೆ ಎಷ್ಟೇ ಪಾಪ ಎನಿಸಿದರೂ ಆ ಗೆರೆ ದಾಟುವಂತಿಲ್ಲ. ಹೋಗಿ ಎನ್ನುವ ಹಕ್ಕಂತೂ ಇಲ್ಲವೇ ಇಲ್ಲ. ಆದ್ದರಿಂದ ಅವಳೊಂದಿಗೆ ಮಾಡುವ ಚೌಕಾಸಿಯಲ್ಲಿ ಎದುರಾಳಿಯೇ ಇರುವುದಿಲ್ಲ. ನಾವು ಜೋರು ಮಾಡುವುದು ಒಬ್ಬಳ ಮೇಲೆ, ಲೆಕ್ಕ ಹಾಕುವವರು ಇನ್ನೆಲ್ಲೋ.

ಆ ಲೆಕ್ಕ ಏನನ್ನು ಅಳೆಯುತ್ತದೆ? ಸೊಪ್ಪಿನ ಪ್ರತಿ ಕಟ್ಟಿಗೂ ಖರ್ಚಿದೆ. ಮೊಬೈಲಿನಲ್ಲಿ ಖರ್ಚೆಲ್ಲ ಮೊದಲೇ ಆಗಿಹೋಗಿರುತ್ತದೆ: ಟವರ್ ನಿಲ್ಲಿಸಿದ್ದಾಗಿದೆ, ತರಂಗಾಂತರ ಹರಾಜಿನಲ್ಲಿ ಕೊಂಡದ್ದಾಗಿದೆ. 2022ರ ಹರಾಜೊಂದರಲ್ಲೇ ಕಂಪನಿಗಳು ಒಪ್ಪಿಕೊಂಡದ್ದು ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ. ಇಷ್ಟಾದ ಮೇಲೆ ನಾನು ಇನ್ನೊಂದು ಕರೆ ಮಾಡಿದರೆ ಕಂಪನಿಗೆ ಹೆಚ್ಚುವರಿ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ನನ್ನೊಬ್ಬನ ಮಟ್ಟಿಗೆ ಇಲ್ಲಿ ಅಸಲು ಎಂಬುದೇ ಇಲ್ಲ. ಇನ್ನೂರಕ್ಕೂ ಕೊಡಬಹುದು, ನಾನೂರಕ್ಕೂ ಕೊಡಬಹುದು. ಯಾವುದಕ್ಕೆ ಕೊಡಬೇಕೆಂಬುದು ನಾನು ಎಷ್ಟು ತಾಳಿಕೊಳ್ಳುತ್ತೇನೆ ಎಂಬುದರ ಮೇಲೆ ನಿಂತಿದೆ. ತಕ್ಕಡಿಯಲ್ಲಿ ಕೂತಿರುವುದು ಸರಕಲ್ಲ, ಗಿರಾಕಿ.

ಎಲ್ಲರಿಗೂ ಒಂದೇ ಬೆಲೆ ಎಂಬುದು ಇವತ್ತು ನೀರಸವಾಗಿ ಕೇಳಿಸುತ್ತದೆ. ಒಂದು ಕಾಲದಲ್ಲಿ ಅದೊಂದು ನೈತಿಕ ಆವಿಷ್ಕಾರವಾಗಿತ್ತು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದವರು ಚೌಕಾಸಿ ಮಾಡುವುದಿಲ್ಲ ಎಂದು ಹಟ ಹಿಡಿದರು. ಒಂದು ಬೆಲೆ ಹೇಳಿ ಇನ್ನೊಂದಕ್ಕೆ ಕೊಟ್ಟರೆ ಮೊದಲು ಹೇಳಿದ್ದು ಸುಳ್ಳಾಯಿತಲ್ಲ ಎಂಬುದು ಅವರ ವಾದ. ಮಗುವನ್ನು ಅಂಗಡಿಗೆ ಕಳಿಸಿದರೂ ದೊಡ್ಡವರಿಗೆ ಸಿಗುವ ಬೆಲೆಯೇ ಸಿಗಬೇಕು ಎಂಬ ಮಾತು ಆ ಪಂಥದ ಜಾರ್ಜ್ ಫಾಕ್ಸ್ ಬರವಣಿಗೆಯಲ್ಲಿ ಬರುತ್ತದೆ. 1852ರಿಂದ ಪ್ಯಾರಿಸ್ಸಿನ ಬೋ ಮಾರ್ಷೆ ಮಳಿಗೆಯನ್ನು ಬೆಳೆಸಿದ ಆರಿಸ್ಟೀಡ್ ಬೂಸಿಕೋ ಸರಕಿಗೆ ಬೆಲೆಯ ಚೀಟಿ ಹಚ್ಚಿ ಆ ನೇಮವನ್ನೇ ವ್ಯಾಪಾರದ ಸೂತ್ರ ಮಾಡಿಕೊಂಡ. ನಮ್ಮ ಬಿಸ್ಕತ್ತಿನ ಪೊಟ್ಟಣದ ಮೇಲಿನ ಎಮ್ಮಾರ್ಪಿ ಒಂದು ರೀತಿಯಲ್ಲಿ ಅದರ ದೂರದ ನೆಂಟ. ಮಾತು ಬಲ್ಲವರಿಗೂ ಬಾರದವರಿಗೂ ಅಂಗಡಿಯಲ್ಲಿ ಒಂದೇ ಸ್ಥಾನ ಕೊಟ್ಟದ್ದು ಆ ಸಣ್ಣ ಚೀಟಿ.

ದೂರಸಂಪರ್ಕಕ್ಕೂ ಆ ನೇಮ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 1999ರ ದರ ಆದೇಶದ ಪ್ರಕಾರ ಒಂದೇ ವರ್ಗದ ಗ್ರಾಹಕರ ನಡುವೆ ತಾರತಮ್ಯ ಮಾಡುವಂತಿಲ್ಲ. ಹಾಗಾದರೆ ‘ನಿಮಗೆ ಮಾತ್ರ’ ಎಂಬ ದರ ಎಲ್ಲಿಂದ ಬಂತು? 2018ರಲ್ಲಿ ಟ್ರಾಯ್ ಈ ಗುಟ್ಟಿನ ಕೊಡುಗೆಗಳ ವಿವರ ತನಗೆ ಒಪ್ಪಿಸಬೇಕೆಂದು ಹೇಳಿತು. ಕಂಪನಿಗಳು ಒಪ್ಪಲಿಲ್ಲ. ಇವು ದರಪಟ್ಟಿಗಳಲ್ಲ, ಇರುವ ಗ್ರಾಹಕರನ್ನು ಉಳಿಸಿಕೊಳ್ಳಲು ಕೊಡುವ ರಿಯಾಯಿತಿ ಎಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಟೆಲಿಕಾಂ ನ್ಯಾಯಮಂಡಳಿಯ ತೀರ್ಪು ಟ್ರಾಯ್‌ಗೆ ವಿರುದ್ಧವಾಗಿ ಬಂತು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ವಿವರ ಕೊಡಲೇಬೇಕು, ಟ್ರಾಯ್ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬೇಕು ಎಂದು ಹೇಳಿತು. ಗುಟ್ಟು ಒಂದು ಕಪಾಟಿನಿಂದ ಇನ್ನೊಂದು ಕಪಾಟಿಗೆ ಹೋಯಿತು. ಗೋಡೆಯ ಮೇಲೆ ಮಾತ್ರ ಬರಲಿಲ್ಲ.

ಈ ಚೌಕಾಸಿಯನ್ನು ಕಲೆಯ ಮಟ್ಟಕ್ಕೆ ಏರಿಸಿದವರು ಬ್ರಿಟನ್ನಿನವರು. ಅಲ್ಲಿ ಹೆಚ್ಚಾಗಿ ಎರಡು ವರ್ಷದ ಕರಾರು, ಹ್ಯಾಂಡ್‌ಸೆಟ್ಟಿನ ಕಂತೂ ಅದರೊಳಗೇ. ಕರಾರು ಮುಗಿಯುವ ಹೊತ್ತಿಗೆ ಕಂಪನಿಗೆ ಫೋನ್ ಮಾಡಿ ಬಿಟ್ಟುಹೋಗುವ ಯೋಚನೆಯಿದೆ ಎಂದರೆ, ಹೊರಟವರನ್ನು ಹಿಡಿದು ನಿಲ್ಲಿಸಲೆಂದೇ ಇರುವ ವಿಭಾಗಕ್ಕೆ ಕರೆ ಹೋಗುತ್ತದೆ. ಸುಮ್ಮನಿದ್ದವರ ಗತಿ? ಹ್ಯಾಂಡ್‌ಸೆಟ್ಟಿನ ಸಾಲ ತೀರಿದ ಮೇಲೂ ಅದೇ ಬಿಲ್ ಕಟ್ಟುತ್ತ ಹೋದವರು ಅಲ್ಲಿ ಬಹಳ ಜನ. 2018ರಲ್ಲಿ ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆ ಸ್ಪರ್ಧಾ ಪ್ರಾಧಿಕಾರಕ್ಕೆ ದೊಡ್ಡ ದೂರು ಕೊಟ್ಟಿತು: ಮೊಬೈಲ್, ಬ್ರಾಡ್‌ಬ್ಯಾಂಡ್, ಮನೆ ವಿಮೆ, ಗೃಹಸಾಲ, ಉಳಿತಾಯ ಖಾತೆ, ಈ ಐದರಲ್ಲಿ ಕಂಪನಿ ಬದಲಿಸದೆ ಉಳಿದ ತಪ್ಪಿಗೆ ಜನ ವರ್ಷಕ್ಕೆ ಸುಮಾರು 410 ಕೋಟಿ ಪೌಂಡ್ ಹೆಚ್ಚಿಗೆ ತೆರುತ್ತಿದ್ದಾರೆ ಎಂದು. ನಿಷ್ಠೆಯ ದಂಡ ಎಂದೇ ಅದನ್ನು ಕರೆದರು. ಮರುವರ್ಷ ಜುಲೈಯಿಂದ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಂ, ಕಂಪನಿಯವರ ಜೊತೆ ಮಾತೇ ಆಡದೆ ಬರೀ ಸಂದೇಶ ಕಳಿಸಿ ಕೋಡ್ ಪಡೆದು ಹೊರಬರುವ ದಾರಿ ಮಾಡಿತು. 2020ರ ಫೆಬ್ರವರಿಯಿಂದ, ಕರಾರು ಮುಗಿಯುತ್ತಿದೆ, ಇಂತಿಂಥ ಉತ್ತಮ ದರಗಳಿವೆ ಎಂದು ಕಂಪನಿಯೇ ತಿಳಿಸಬೇಕಾಯಿತು. ಕೇಳಿದವರಿಗೆ ಮಾತ್ರ ಹೇಳುತ್ತಿದ್ದುದನ್ನು ಕೇಳದವರಿಗೂ ಹೇಳಬೇಕು ಎಂಬುದಷ್ಟೇ ಆ ನಿಯಮ. ಅಷ್ಟನ್ನು ಹೇಳಲು ಒಂದು ಸರ್ಕಾರಿ ನಿಯಮ ಬೇಕಾಯಿತು.

ಕೇಳದವರು ಯಾರು? ಅವರನ್ನು ನಾವೆಲ್ಲ ಬಲ್ಲೆವು. ರಿಟೈರಾದ ಮೇಷ್ಟ್ರು. “ಇಪ್ಪತ್ತು ರೂಪಾಯಿಗೆ ಏನು ಜಗಳ, ಬಿಡೋ” ಎನ್ನುವ ಅತ್ತೆ. ಆ ಕಡೆಯ ದನಿ ಹಿಂದಿಯಲ್ಲಿ ಶುರುವಾದೊಡನೆ ಫೋನ್ ಇಟ್ಟುಬಿಡುವವರು. ಹಗಲೆಲ್ಲ ಕೂಲಿಯಲ್ಲಿದ್ದು, ಅರ್ಧ ಗಂಟೆ ಲೈನಿನಲ್ಲಿ ಕಾಯಲಾಗದವರು. ಮೂಲೆ ಅಂಗಡಿಗೆ ಹೋಗಿ “ಕರೆನ್ಸಿ ಹಾಕಪ್ಪ” ಎಂದು ನೋಟು ಚಾಚುವ ಅಜ್ಜ. ಯಾವ ಪ್ಲ್ಯಾನು ಎಂದು ಅಂಗಡಿಯವನೇ ತೀರ್ಮಾನಿಸುತ್ತಾನೆ. ಚೌಕಾಸಿಗೆ ಬಿಡುವು ಬೇಕು, ನಾಲಿಗೆ ಬೇಕು, ಸ್ವಲ್ಪ ಭಂಡತನ ಬೇಕು. ಇವು ಯಾರ ಬಳಿ ಇವೆಯೋ ಅವರಿಗೆ ದುಡ್ಡೂ ಸಾಮಾನ್ಯವಾಗಿ ತಕ್ಕಮಟ್ಟಿಗೆ ಇರುತ್ತದೆ. ಕಂಪನಿ ನನಗೆ ಬಿಟ್ಟುಕೊಟ್ಟ ನೂರು ರೂಪಾಯಿ ಆಕಾಶದಿಂದ ಇಳಿದದ್ದಲ್ಲ. ಕೇಳದೆ ಕಟ್ಟಿದವರ ಗಂಟಿನಿಂದ ಬಂದದ್ದು. ಇದು ಗೊತ್ತಾದ ಮೇಲೆ ಫೋನಿಟ್ಟು ಗೆದ್ದೆನೆಂದು ಬೀಗುವುದು ಸ್ವಲ್ಪ ಕಷ್ಟ.

ಹಾಗೆಂದು ಬಿಟ್ಟುಹೋಗುವುದೇ ಕೆಟ್ಟದ್ದು ಎಂದರೆ ಇತಿಹಾಸಕ್ಕೆ ಅನ್ಯಾಯ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ ಕಾಲದಲ್ಲಿ ನಿಮಿಷಕ್ಕೆ 16 ರೂಪಾಯಿವರೆಗೆ ದರವಿತ್ತು. ಬರುವ ಕರೆಗೂ ದುಡ್ಡು ಕಟ್ಟಬೇಕಿತ್ತು. ಆ ದರ ಪೈಸೆಗಳಿಗೆ ಇಳಿದದ್ದು ಸ್ಪರ್ಧೆಯಿಂದ, ಅಂದರೆ ಜನ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬಳಿ ಹೋಗಬಲ್ಲರು ಎಂಬ ಭಯದಿಂದ. ನಂಬರ್ ಮಾತ್ರ ಬಹುಕಾಲ ಕಾಲಿಗೆ ಕಟ್ಟಿದ ಹಗ್ಗವಾಗಿತ್ತು. ಬ್ಯಾಂಕಿಗೆ, ನೆಂಟರಿಗೆ, ಹಳೆಯ ಗೆಳೆಯರಿಗೆ ಗೊತ್ತಿರುವ ನಂಬರನ್ನು ಬಿಡುವುದು ಹೇಗೆ? 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ, 2011ರ ಜನವರಿ 20ರಂದು ದೇಶದಾದ್ಯಂತ, ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ಬಂದು ಆ ಹಗ್ಗ ಬಿಚ್ಚಿತು. ನಂಬರ್ ಕಂಪನಿಯ ಕೈತಪ್ಪಿ ನಮ್ಮದಾಯಿತು. ಇದು ಸಣ್ಣ ಸ್ವಾತಂತ್ರ್ಯವಲ್ಲ.

ಆದರೆ ಹೋಗುವುದು ಒಂದು, ಹೋಗುತ್ತೇನೆಂದು ಹೆದರಿಸಿ ಉಳಿಯುವುದು ಇನ್ನೊಂದು. ನಿಜವಾಗಿ ಹೋದವನು ಕಂಪನಿಗೆ ಒಂದು ಪಾಠ ಬಿಟ್ಟು ಹೋಗುತ್ತಾನೆ. ನೆಟ್‌ವರ್ಕು ಸರಿಯಿಲ್ಲ, ದರ ಜಾಸ್ತಿಯಾಯಿತು ಎಂಬ ಸುದ್ದಿ ಲೆಕ್ಕದ ಪುಸ್ತಕಕ್ಕೆ ಏರುತ್ತದೆ. ಹೆದರಿಸಿ ಉಳಿದವನು ಬಾಯಿ ಮುಚ್ಚಿಕೊಳ್ಳುವುದಕ್ಕೆ ರಿಯಾಯಿತಿ ಪಡೆದಿರುತ್ತಾನೆ. ಅವನ ಮನೆಯ ಹಿಂದಿನ ಟವರ್ ಹಾಗೆಯೇ ಇರುತ್ತದೆ, ಪಕ್ಕದ ಮನೆಯವರ ಬಿಲ್ಲೂ ಹಾಗೆಯೇ. ಅದೂ ಆ ರಿಯಾಯಿತಿ ಕೆಲವು ತಿಂಗಳದ್ದು. ಮುಗಿದೊಡನೆ ಮತ್ತೆ ಮುನಿಸಿಕೊಳ್ಳಬೇಕು, ಮತ್ತೆ 1900ಕ್ಕೆ ಸಂದೇಶ ಕಳಿಸಬೇಕು. ಸಂಬಳವಿಲ್ಲದ ನೌಕರಿಯೊಂದು ನಮಗೆ ಗಂಟುಬಿದ್ದಿದೆ: ಮೋಸಹೋಗದಂತೆ ಸದಾ ಎಚ್ಚರವಾಗಿರುವ ನೌಕರಿ.

ಈಗಂತೂ ಹೋಗುವ ಬಾಗಿಲುಗಳೂ ಕಡಿಮೆ. 2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ಹೆಚ್ಚುಕಡಿಮೆ ಒಟ್ಟಿಗೆ ದರ ಏರಿಸಿದವು. ಆ ತಿಂಗಳು ಲಕ್ಷಗಟ್ಟಲೆ ಜನ ಬಿಎಸ್‌ಎನ್‌ಎಲ್ ಕಡೆ ಹೊರಳಿದರು. ಉಳಿದವರು ಒಂದಿಷ್ಟು ಬೈದುಕೊಂಡು ಕರೆನ್ಸಿ ಹಾಕಿಸಿದರು. ಆಪ್ ತೆರೆದರೆ ‘ನಿಮಗಾಗಿ’ ಎಂಬ ಕೊಡುಗೆ ಸಿದ್ಧವಾಗಿರುತ್ತದೆ. ನಾವು ಬಾಯಿ ತೆರೆಯುವ ಮೊದಲೇ ಯಂತ್ರ ನಮ್ಮ ಪರವಾಗಿಯೂ ತನ್ನ ಪರವಾಗಿಯೂ ಚೌಕಾಸಿ ಮಾಡಿ ಮುಗಿಸಿರುತ್ತದೆ.

ಈ ದೇಶದಲ್ಲಿ ಕಂಪನಿಗಳಿಂದ ಗಿಟ್ಟಿದ ಒಳ್ಳೆಯ ಷರತ್ತುಗಳು ಯಾವುವು ಎಂದು ನೆನೆದರೆ, ಒಬ್ಬೊಬ್ಬರೇ ಫೋನಿನಲ್ಲಿ ಕಾದಾಡಿ ಗೆದ್ದದ್ದು ಒಂದೂ ನೆನಪಾಗುವುದಿಲ್ಲ. 28 ದಿನದ ‘ತಿಂಗಳು’ ನೋಡಿ. ವರ್ಷಕ್ಕೆ ಹನ್ನೆರಡು ಸಲ ಹಾಕಿಸಬೇಕಾದ ಕರೆನ್ಸಿ ಹದಿಮೂರು ಸಲವಾಯಿತು. ಯಾವ ಮಾತುಗಾರನಿಗೂ ಅದನ್ನು ಫೋನಿನಲ್ಲಿ ತಿದ್ದಿಸಲು ಸಾಧ್ಯವಿರಲಿಲ್ಲ. ಗ್ರಾಹಕರ ದೂರುಗಳು ಟ್ರಾಯ್ ಮುಂದೆ ಸೇರಿ, 2022ರ ಜನವರಿಯಲ್ಲಿ ಆದೇಶ ಬಂದ ಮೇಲೆ 30 ದಿನದ ಒಂದು ಪ್ಲ್ಯಾನು, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಇನ್ನೊಂದು ಪ್ಲ್ಯಾನು ಕಡ್ಡಾಯವಾದವು. ನಾನೊಬ್ಬನೇ ಪಡೆದ ರಿಯಾಯಿತಿಯನ್ನು ಇನ್ನೊಬ್ಬರಿಗೆ ದಾಟಿಸಲಾಗದು. ಈ ನಿಯಮವಾದರೋ ಒಂದು ದೂರನ್ನೂ ಬರೆಯದ ಅಜ್ಜನ ಫೋನಿಗೂ ತಲುಪಿತು. ಟ್ರಾಯ್ ಹೊಸ ನಿಯಮ ಮಾಡುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಯಾರು ಬೇಕಾದರೂ ಬರೆದು ಕಳಿಸಬಹುದು. ಕಸ್ಟಮರ್ ಕೇರಿಗೆ ಕೊಡುವ ಅರ್ಧ ಗಂಟೆಯಲ್ಲಿ ಒಂದು ಪುಟ ಬರೆಯಲು ಆಗದೇನಲ್ಲ.

ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಡೇಟಾ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಪ್ಲ್ಯಾನು ಇರಲೇಬೇಕು ಎಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿತು; ಮರುತಿಂಗಳೇ ಕಂಪನಿಗಳು ಅಂಥ ಪ್ಲ್ಯಾನುಗಳನ್ನು ತಂದವು. ನಿಮ್ಮ ಊರಿನ ಅತ್ತೆಯ ಬಟನ್ ಫೋನಿಗೆ ಈಗಲೂ ದಿನಕ್ಕೆ ಇಷ್ಟು ಜಿಬಿ ಎಂಬ ಪ್ಲ್ಯಾನೇ ನಡೆಯುತ್ತಿರಬಹುದು. ಮುಂದಿನ ಸಲ ಹೋದಾಗ ಕೇಳಿ ನೋಡಿ. ಅವರಾಗಿ ಹೇಳುವುದಿಲ್ಲ.