ಕಾಲುವೆ ಕಟ್ಟಿದ ಊರು

ವಿಜಯನಗರದ ಹುಟ್ಟನ್ನು ಕುರಿತು ಯಾರನ್ನಾದರೂ ಕೇಳಿ ನೋಡಿ. ಮೊಲವೊಂದು ಬೇಟೆನಾಯಿಗಳ ಮೇಲೆ ತಿರುಗಿಬಿದ್ದ ಕಥೆ ಬರುತ್ತದೆ, ವಿದ್ಯಾರಣ್ಯರ ಹೆಸರು ಬರುತ್ತದೆ, 1336 ಎಂಬ ಇಸವಿ ಬರುತ್ತದೆ. ನೀರಿನ ಮಾತು ಮಾತ್ರ ಬರುವುದಿಲ್ಲ. ತುಂಗಭದ್ರೆ ಪಕ್ಕದಲ್ಲೇ ಇರುವಾಗ ನೀರಿಗೇನು ಕೊರತೆ ಎಂಬುದು ನಮ್ಮ ಭಾವನೆ. ಆದರೆ ಹೊಳೆ ಬಂಡೆಗಳ ನಡುವೆ ತಗ್ಗಿನಲ್ಲಿ ಹರಿಯುತ್ತದೆ. ಕಣ್ಣಿಗೆ ಕಾಣುವ ನೀರೆಲ್ಲ ಗದ್ದೆಗೆ ಏರುವುದಿಲ್ಲ. ಸುಮಾರು 1535ರಲ್ಲಿ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೇಳುವಂತೆ, ಹಿಂದಿನ ದೊರೆಯೊಬ್ಬನು ಹೊಳೆಗೆ ಭಾರಿ ಬಂಡೆಗಳನ್ನು ಕೆಡವಿಸಿ, ನೀರನ್ನು ಊರೊಳಕ್ಕೆ ತಿರುಗಿಸಿದ ಮೇಲೆಯೇ ಅಲ್ಲಿ ತೋಟಗಳು ಎದ್ದದ್ದು. ರಾಜಧಾನಿ ಮೊಲದಿಂದ ಹುಟ್ಟಿರಬಹುದು. ಊರು ಹುಟ್ಟಿದ್ದು ಕಾಲುವೆಯಿಂದ.

ಇಷ್ಟೇ ಆಗಿದ್ದರೆ ನಾವೆಲ್ಲ ಹೆಮ್ಮೆಪಟ್ಟು ಸುಮ್ಮನಾಗಬಹುದಾಗಿತ್ತು. ಆದರೆ ಸುಮಾರು 1520ರಲ್ಲಿ ಇಲ್ಲಿಗೆ ಬಂದ ಡೊಮಿಂಗೊ ಪಾಯೆಸ್ ಇನ್ನೊಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಕೃಷ್ಣದೇವರಾಯ ಆಗ ಕೆರೆಯೊಂದನ್ನು ಕಟ್ಟಿಸುತ್ತಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಅಲ್ಲಿ ದುಡಿಯುತ್ತಿದ್ದುದನ್ನು ಪಾಯೆಸ್ ಕಣ್ಣಾರೆ ಕಂಡ. ಆ ಕೆರೆ ಎರಡು ಮೂರು ಸಲ ಒಡೆಯಿತಂತೆ. ದೇವರು ರಕ್ತ ಬೇಡುತ್ತಿದೆ ಎಂದರಂತೆ ಪುರೋಹಿತರು. ಅರವತ್ತು ಮಂದಿಯ ತಲೆಗಳನ್ನು ಕಡಿಸಲಾಯಿತು. ಜೊತೆಗೆ ಕುದುರೆ, ಕೋಣಗಳು. ಅವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳು ಎನ್ನುತ್ತಾನೆ ನೂನಿಜ್.

ಪರದೇಶದವರ ಮಾತು, ಉತ್ಪ್ರೇಕ್ಷೆ ಇದ್ದೀತು ಎನ್ನಬಹುದು. ಇರಲಿ. ಆದರೆ ಅದೇ ಪರದೇಶದವರು ಪೇಟೆಯಲ್ಲಿ ಕಂಡ ವಜ್ರ ವೈಡೂರ್ಯಗಳ ವರ್ಣನೆಯನ್ನು ನಾವು ಅಕ್ಷರಶಃ ನಂಬುತ್ತೇವಲ್ಲ! ‘ಹೇಗೂ ಸಾಯಬೇಕಾದವರು’ ಎಂಬ ಸಮಾಧಾನವೂ ನನಗೆ ಒಗ್ಗುವುದಿಲ್ಲ. ತನ್ನ ಅಪರಾಧಕ್ಕಾಗಿ ಸತ್ತವನು ಕೊನೆಯ ಗಳಿಗೆಯಲ್ಲೂ ಮನುಷ್ಯನೇ. ಏರಿ ನಿಲ್ಲಲೆಂದು ಕೊಂದಾಗ ಅವನೂ ಏರಿಯ ಒಂದು ಕಲ್ಲಾಗುತ್ತಾನೆ.

ಹಾಗಾದರೆ ಆ ನೀರನ್ನು ಕುಡಿಯಬಾರದೇ? ಕುಡಿಯದೆ ಬಿಟ್ಟರೆ ಗದ್ದೆ ಒಣಗುತ್ತದೆಯೇ ಹೊರತು ಸತ್ತವರು ಏಳುವುದಿಲ್ಲ. ಐನೂರು ವರ್ಷಗಳ ಮೇಲೆ ಮಡೆ ತಿರುಗಿಸುತ್ತಿರುವ ರೈತನ ತಲೆಗೆ ಆ ಪಾಪವನ್ನು ಕಟ್ಟುವುದೂ ನ್ಯಾಯವಲ್ಲ. ಆದರೆ ಪಾಪವಿಲ್ಲ ಎಂದ ಮಾತ್ರಕ್ಕೆ ಋಣವೂ ಇಲ್ಲವೆಂದಾಯಿತೇ? ಇಲ್ಲಿ ನಮ್ಮ ಹಳ್ಳಿಯ ಹೆಂಗಸರು ಇತಿಹಾಸಕಾರರಿಗಿಂತ ಪ್ರಾಮಾಣಿಕರೆಂದು ತೋರುತ್ತದೆ. ‘ಕೆರೆಗೆ ಹಾರ’ದ ಹಾಡಿನಲ್ಲಿ ಕೆರೆ ಕಟ್ಟಿಸಿದ ಗೌಡನೂ ಇದ್ದಾನೆ, ಆದರೆ ನಮ್ಮ ಮನಸ್ಸಿನಲ್ಲಿ ಉಳಿಯುವವಳು ಕಿರಿಸೊಸೆ ಭಾಗೀರಥಿ. ಹಾಡಿದವರು ಅವಳ ಹೆಸರನ್ನು ಬಿಟ್ಟುಕೊಡಲಿಲ್ಲ. ಆ ಅರವತ್ತು ಮಂದಿಯಲ್ಲಿ ಒಬ್ಬನ ಹೆಸರೂ ನಮಗೆ ಬಂದಿಲ್ಲ.

1565ರಲ್ಲಿ ನಗರ ಹಾಳಾಯಿತು. ಕಾಲುವೆ ಹಾಳಾಗಲಿಲ್ಲ. ವಿರೂಪಾಕ್ಷನ ಗುಡಿಗೂ ಅರಮನೆಯ ಪಾಯಗಳಿಗೂ ನಡುವೆ ತುರ್ತು ಕಾಲುವೆ ಇಂದಿಗೂ ಬಾಳೆಯ ತೋಟಗಳಿಗೆ ನೀರೂಡುತ್ತಿದೆ. ಸಾಮ್ರಾಜ್ಯವಿಲ್ಲದ ನಾಲ್ಕೂವರೆ ಶತಮಾನ ಅದನ್ನು ಉಳಿಸಿದ್ದು ಹೂಳೆತ್ತುವ ಗುದ್ದಲಿ. ಗುದ್ದಲಿ ಹಿಡಿದವರಿಗೆ ಶಾಸನ ಹಾಕಿಸುವ ಪದ್ಧತಿ ನಮ್ಮಲ್ಲಿಲ್ಲ.

ಇದೆಲ್ಲ ಅರಸರ ಕಾಲದ ಮಾತು ಎನ್ನುವ ಹಾಗೂ ಇಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಾಗ ವಿಜಯನಗರ ಕಾಲದ ವಲ್ಲಭಾಪುರದ ಅಣೆ ಮುಳುಗಿತು. ಸುಮಾರು 90 ಹಳ್ಳಿಗಳೂ ನೀರಿನ ಪಾಲಾದವು. ಈ ಬಾರಿ ಯಾರ ತಲೆಯನ್ನೂ ಕಡಿಯಲಿಲ್ಲ, ಪರಿಹಾರದ ಲೆಕ್ಕವೂ ನಡೆಯಿತು. ಅಷ್ಟರಮಟ್ಟಿಗೆ ನಾವು ಮುಂದುವರಿದಿದ್ದೇವೆ. ಹೊಸಪೇಟೆಯ ನಡುವೆ ಹಾದುಹೋಗುವ ಬಸವಣ್ಣ ಕಾಲುವೆಗೆ ಈಗ ನೀರು ಬರುವುದು ಆ ಹಳ್ಳಿಗಳ ಮೇಲಿಂದ.